ಚಾಕು ಜೇಬಿಗೆ, ಪ್ಲೇಯರ್ ಬೈಕಿಗೆ

ಪ್ರಶ್ನೆ: ನಾನು ಹಾಸನದಲ್ಲಿ ಕಚೇರಿ ಕೆಲಸದಲ್ಲಿದ್ದೇನೆ. ಶನಿವಾರ, ಭಾನುವಾರ ಸಕಲೇಶಪುರದ ಕಡೆ ನಮ್ಮ ಕಾಫಿ ತೋಟಕ್ಕೆ ಬೈಕಿನಲ್ಲಿ ಹೋಗಿಬರುತ್ತೇನೆ. ದಿನಾ ಜೇಬಿನಲ್ಲಿಟ್ಟುಕೊಳ್ಳಲು ಒಂದು ಮಲ್ಟಿಟೂಲ್ ಚಾಕು ಬೇಕು. 5,000 ರೂಪಾಯಿ ಒಳಗಿರಬೇಕು. 30 ಟೂಲ್ ಇರುವ ಒಂದು 600 ರೂಪಾಯಿಗೇ ಸಿಗುತ್ತಿದೆ, ಅದು ಆಗುತ್ತದಾ? ಸ್ವಿಸ್ ಚಾಕು ಒಳ್ಳೆಯದೋ, ಪ್ಲೇಯರ್ (ಇಕ್ಕಳ) ಇರುವ ಲೆದರ್‌ಮನ್ ಥರದ್ದು ಒಳ್ಳೆಯದೋ? ನಮ್ಮ ಮಳೆಗೆ ತುಕ್ಕು ಹಿಡಿಯುತ್ತದಾ? ಪೊಲೀಸರು ತಪಾಸಣೆ ಮಾಡಿದರೆ ತೊಂದರೆಯಾ? ಅಪ್ಪನಿಗೂ ಒಂದು ಕೊಡಿಸುವ ಆಸೆ ಇದೆ.

ಉತ್ತರ: ಮೊದಲು ಆ 30 ಟೂಲ್‌ನದ್ದನ್ನು ಬಿಟ್ಟುಬಿಡಿ. ನನ್ನದು ಚಿಕ್ಕಮಗಳೂರಿನಲ್ಲಿ ಪಂಪು, ಸ್ಪ್ರಿಂಕ್ಲರ್, ಬ್ರಷ್ ಕಟರ್ ರಿಪೇರಿ ಮಾಡುವ ಕೆಲಸ. ಅಂಥ ಚಾಕು ಹಿಡಿದುಕೊಂಡು ಬರುವವರನ್ನು ತಿಂಗಳಿಗೆ ಒಬ್ಬರನ್ನಾದರೂ ನೋಡುತ್ತೇನೆ. ಸ್ಕ್ರೂ ತಿರುಗಿಸಲು ಹೋಗಿ ಸ್ಕ್ರೂಡ್ರೈವರ್ರೇ ತಿರುಚಿಕೊಂಡಿರುತ್ತದೆ. ಕತ್ತರಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ನಾನೂ ಒಂದು ಕಾಲದಲ್ಲಿ ಜಾತ್ರೆಯಲ್ಲಿ ಕೊಂಡ ಅಂಥದ್ದೇ ಒಂದನ್ನು ಹೆಮ್ಮೆಯಿಂದ ಇಟ್ಟುಕೊಂಡಿದ್ದೆ. ಒಂದು ದಿನ ಚೆರ್ರಿ ಕಾಫಿ ಮೂಟೆಯ ಹೊಲಿಗೆ ಬಿಚ್ಚಲು ಮೊನೆಯಿಂದ ಚುಚ್ಚಿದೆ. ಅಲಗು ಹಿಂದಕ್ಕೆ ಮಡಚಿಕೊಂಡು ತೋರುಬೆರಳಿನ ಮೇಲೆ ಕೂತಿತು. ನಾಲ್ಕು ಹೊಲಿಗೆ ಬಿತ್ತು, ಮೂಟೆಗಲ್ಲ, ನನಗೆ.

ಅವತ್ತು ಚಾಕುವಿನ ತಪ್ಪು ಅರ್ಧ, ನನ್ನದು ಅರ್ಧ. ಅದು ಯಾಕೆ ಮಡಚಿತು ಅಂತ ತಿಳಿದುಕೊಂಡರೆ ನಿಮ್ಮ ಆಯ್ಕೆ ಸುಲಭವಾಗುತ್ತದೆ. ಮಡಚುವ ಚಾಕುಗಳಲ್ಲಿ ಎರಡು ಜಾತಿ. ಒಂದರಲ್ಲಿ ಬೆನ್ನಿಗೆ ಒಂದು ಪಟ್ಟಿ ಸ್ಪ್ರಿಂಗ್ ಇರುತ್ತದೆ. ಅಲಗಿನ ಬುಡವನ್ನು ಅದು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಅಲಗಿನ ಬೆನ್ನಿನ ಕಡೆಯಿಂದ ಜೋರಾಗಿ ಒತ್ತಿದರೆ ಸ್ಪ್ರಿಂಗ್ ಸೋಲುತ್ತದೆ, ಚಾಕು ಮುಚ್ಚಿಕೊಳ್ಳುತ್ತದೆ. ಹೆಚ್ಚಿನ ಸ್ವಿಸ್ ಚಾಕುಗಳು ಈ ಜಾತಿ. ಇನ್ನೊಂದರಲ್ಲಿ ಅಲಗು ಪೂರ್ತಿ ತೆರೆದ ಕೂಡಲೇ ಒಳಗಿನ ಒಂದು ತಗಡು ಪಕ್ಕಕ್ಕೆ ಸರಿದು ಬುಡಕ್ಕೆ ಅಡ್ಡ ನಿಲ್ಲುತ್ತದೆ. ಆ ತಗಡನ್ನು ಬೆರಳಿನಿಂದ ಸರಿಸುವವರೆಗೆ ಅಲಗು ಮುಚ್ಚುವುದಿಲ್ಲ. ಇದು ಲಾಕ್ ಇರುವ ಚಾಕು. ಲಾಕ್ ಇಲ್ಲದ್ದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಾನು ಈಗ ದಿನಾ ಇಟ್ಟುಕೊಳ್ಳುವುದೂ ಲಾಕ್ ಇಲ್ಲದ್ದೇ. ಅದರಲ್ಲಿ ಎಳೆದು ಕುಯ್ಯಬೇಕು, ಚುಚ್ಚಬಾರದು. ಚುಚ್ಚುವ ಕೆಲಸ ಇದ್ದರೆ ಅದೇ ಚಾಕುವಿನಲ್ಲಿ ಬೇರೆ ಮೊನೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಸ್ವಿಸ್ಸೋ, ಲೆದರ್‌ಮನ್ನೋ? ಇವೆರಡನ್ನೂ ಅಂಗಡಿಯವರು ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆದರೆ ಹುಟ್ಟಿದ ಕಾರಣವೇ ಬೇರೆ. ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಚಾಕು ಮಾಡುವ ಕಾರ್ಯಾಗಾರ ಶುರು ಮಾಡಿದರು. 1891ರಲ್ಲಿ ಅಲ್ಲಿನ ಸೈನ್ಯಕ್ಕೆ ಚಾಕು ಕೊಟ್ಟರು. 1897ರಲ್ಲಿ ಅದಕ್ಕಿಂತ ಹಗುರವಾದ, ಟೂಲ್ ಜಾಸ್ತಿ ಇರುವ ಅಧಿಕಾರಿಗಳ ಚಾಕು ಬಂತು. ಇವತ್ತು ನಾವು ನೋಡುವ ಕೆಂಪು ಚಾಕು ಅದರ ಮೊಮ್ಮಗ. ಎಲ್ಸೆನರ್ ಅವರ ತಾಯಿ ವಿಕ್ಟೋರಿಯಾಳ ಹೆಸರಿಗೆ ತುಕ್ಕು ಹಿಡಿಯದ ಉಕ್ಕಿನ ಹೆಸರಾದ ಇನಾಕ್ಸ್ ಸೇರಿಸಿ ಕಂಪನಿಯ ಹೆಸರು ವಿಕ್ಟೋರಿನಾಕ್ಸ್ ಆಯಿತು. ಇಲ್ಲಿ ಚಾಕುವೇ ಯಜಮಾನ, ಉಳಿದದ್ದೆಲ್ಲ ಜೊತೆಗೆ ಬಂದದ್ದು.

ಅಮೆರಿಕದ ಟಿಮ್ ಲೆದರ್‌ಮನ್ ಕಥೆ ಬೇರೆ. 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ಕಾರು ಪದೇ ಪದೇ ಕೈಕೊಡುತ್ತಿತ್ತು. ಜೇಬಿನಲ್ಲಿ ಚಾಕು ಇತ್ತು, ಪ್ಲೇಯರ್ ಇರಲಿಲ್ಲ. ಅಲ್ಲಿ ಹುಟ್ಟಿದ ಯೋಚನೆ ಅಂಗಡಿಗೆ ಬಂದದ್ದು 1983ರಲ್ಲಿ. ಅಲ್ಲಿ ಪ್ಲೇಯರ್ ಯಜಮಾನ, ಚಾಕು ಬಾಡಿಗೆದಾರ.

ಹಾಗಾಗಿ ನಿಮಗೆ ನಾನು ಕೇಳುವ ಪ್ರಶ್ನೆ ಒಂದೇ. ವಾರದಲ್ಲಿ ಎಷ್ಟು ಸಲ ಪ್ಲೇಯರ್ ಬೇಕು ಅನ್ನಿಸುತ್ತದೆ, ಎಷ್ಟು ಸಲ ಚಾಕು? ಸುಮ್ನೆ ಊಹೆ ಮಾಡಬೇಡಿ. ಒಂದು ವಾರ ಬರೆದಿಡಿ. ನಾನು ಒಂದು ಬೇಸಿಗೆಯಲ್ಲಿ ಹೀಗೆ ಬರೆದಿದ್ದೆ. ಚಾಕು ದಿನಕ್ಕೆ ಏಳೆಂಟು ಸಲ ಹೊರಗೆ ಬಂತು. ಪ್ಲಾಸ್ಟಿಕ್ ಪಟ್ಟಿ ಕುಯ್ಯಲು, ರಬ್ಬರ್ ಗ್ಯಾಸ್ಕೆಟ್ ಸರಿ ಮಾಡಲು, ಮಾವಿನಕಾಯಿ ಹೆಚ್ಚಲು. ಕತ್ತರಿ ದಿನಕ್ಕೆ ಎರಡು ಮೂರು ಸಲ. ಸಣ್ಣ ಸ್ಕ್ರೂಡ್ರೈವರ್ ಒಂದೆರಡು ಸಲ. ಪ್ಲೇಯರ್ ಬೇಕಾದಾಗೆಲ್ಲ ನಿಜವಾದ, ಉದ್ದ ಹಿಡಿಯ ಪ್ಲೇಯರ್ರೇ ಬೇಕಾಯಿತು. ಜೇಬಿನದ್ದು ಸಾಲಲಿಲ್ಲ. ನನ್ನ ಕಸುಬಿನ ಲೆಕ್ಕವೇ ಹೀಗೆ. ಕಚೇರಿಯಲ್ಲಿ ಕೂರುವ ನಿಮ್ಮ ಲೆಕ್ಕದಲ್ಲಿ ಪ್ಲೇಯರ್ ಇನ್ನೂ ಕಡಿಮೆ ಇರಬೇಕು, ಅಲ್ವಾ?

ತೂಕ ಇನ್ನೊಂದು ಮಾತು. ಲೆದರ್‌ಮನ್ ವೇವ್ ಪ್ಲಸ್ 241 ಗ್ರಾಂ ತೂಗುತ್ತದೆ. ಕಾಲು ಕೆಜಿಗೆ ಒಂದು ಚಿಟಿಕೆ ಕಮ್ಮಿ. ಅದು ಜೇಬಿಗೆ ಬಿದ್ದರೆ ಪ್ಯಾಂಟು ಒಂದು ಕಡೆ ವಾಲುತ್ತದೆ. ಸೊಂಟಕ್ಕೆ ಚೀಲ ಕಟ್ಟಬೇಕು. ಮೊದಲ ವಾರ ಖುಷಿಯಿಂದ ಕಟ್ಟುತ್ತೀರಿ. ಮೂರನೇ ವಾರಕ್ಕೆ ಬೀರುವಿನಲ್ಲಿ ಬಿಡುತ್ತೀರಿ. ಬೀರುವಿನಲ್ಲಿರುವ ಒಳ್ಳೆಯ ಟೂಲಿಗಿಂತ ಜೇಬಿನಲ್ಲಿರುವ ಸಾಧಾರಣ ಟೂಲ್ ಮೇಲು. ವಿಕ್ಟೋರಿನಾಕ್ಸ್‌ನ ಸಣ್ಣ ಕ್ಲಾಸಿಕ್ 58 ಮಿ.ಮೀ. ಉದ್ದ, ಬೀಗದ ಕೈ ಗೊಂಚಲಿಗೆ ಹಾಕಿದರೆ ಇದ್ದದ್ದೇ ಗೊತ್ತಾಗುವುದಿಲ್ಲ. ಆದರೆ ತೋಟಕ್ಕೆ ಅದು ಆಟದ ಸಾಮಾನು. ನಡುವಿನದು 91 ಮಿ.ಮೀ.ನದ್ದು. ನಿಮ್ಮ ಜೇಬಿಗೆ ಅದೇ ಅಳತೆ.

ಆ 91ರಲ್ಲೇ ಹತ್ತಾರು ಮಾದರಿ ಇವೆ. ಸ್ಪಾರ್ಟನ್‌ನಲ್ಲಿ ಕತ್ತರಿ ಇಲ್ಲ. ಕ್ಲೈಂಬರ್‌ನಲ್ಲಿ ಕತ್ತರಿ ಇದೆ, ಗರಗಸ ಇಲ್ಲ. ಹಂಟ್ಸ್‌ಮನ್‌ನಲ್ಲಿ ಎರಡೂ ಇವೆ, ತೂಕ 100 ಗ್ರಾಂ ಒಳಗೆ. ನಿಮಗೆ ನಾನು ಹೇಳುವುದು ಹಂಟ್ಸ್‌ಮನ್. ಬೆಲೆ ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸವಾಗುತ್ತದೆ. ನಿಮ್ಮ ದುಡ್ಡಿಗೆ ಮೀರಿದರೆ ಕ್ಲೈಂಬರ್‌ಗೆ ಇಳಿಯಿರಿ, ಕತ್ತರಿ ಬಿಟ್ಟು ಮಾತ್ರ ಕೆಳಗಿಳಿಯಬೇಡಿ. ಉಳಿದ ದುಡ್ಡಿನಲ್ಲಿ ಹಾಸನದ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂಟಿಂಚಿನ ಒಂದು ಒಳ್ಳೆಯ ಕಟಿಂಗ್ ಪ್ಲೇಯರ್ ಕೊಂಡು ಬೈಕಿನ ಬಾಕ್ಸಿಗೆ ಹಾಕಿ. ಜೊತೆಗೆ ಪ್ಲಗ್ ಸ್ಪ್ಯಾನರ್. ಶಿರಾಡಿ ಘಾಟಿಯಲ್ಲಿ ಬೈಕ್ ನಿಂತರೆ ಯಾವ ಮಲ್ಟಿಟೂಲೂ ಪ್ಲಗ್ ಬಿಚ್ಚಿಕೊಡುವುದಿಲ್ಲ. ಎಲ್ಲಾ ಒಂದರಲ್ಲೇ ಇರಲಿ ಎಂಬ ಆಸೆ ಬಿಟ್ಟರೆ ನಿಮ್ಮ ಐದು ಸಾವಿರಕ್ಕೆ ಬೆಲೆ ಬರುತ್ತದೆ. ಪ್ಲೇಯರ್ ಇರುವ ಹೆಸರಾಂತ ಮಲ್ಟಿಟೂಲ್‌ಗಳಲ್ಲಿ ಹೆಚ್ಚಿನವು ಹೇಗೂ ಆ ಮೊತ್ತ ದಾಟುತ್ತವೆ.

ಹಂಟ್ಸ್‌ಮನ್ ತೋಟದಲ್ಲಿ ಏನೇನು ಮಾಡುತ್ತದೆ ಅಂತ ಹೇಳಿದರೆ ನಿಮಗೆ ಧೈರ್ಯ ಬರಬಹುದು. ಅದರ ಬೆನ್ನಿನಲ್ಲಿರುವ ಚುಚ್ಚುಗವನ್ನು ನೋಡಿ. ಮೊನೆಯ ಹತ್ತಿರ ಒಂದು ಕಣ್ಣು ಇರುತ್ತದೆ. ನಮ್ಮ ದಬ್ಬಣವೇ ಅದು! ಗೋಣಿಚೀಲ ಹರಿದರೆ ನೂಲು ಪೋಣಿಸಿ ಅಲ್ಲೇ ಹೊಲಿಯಬಹುದು. ಮೂಟೆಗೆ ಚುಚ್ಚುವುದಿದ್ದರೆ ಇದರಿಂದ ಚುಚ್ಚಿ. ಇದಕ್ಕೂ ಲಾಕ್ ಇಲ್ಲ, ಆದರೆ ಹಿಡಿಗೆ ಅಡ್ಡವಾಗಿ ತೆರೆಯುವುದರಿಂದ ಅಂಗೈಯಲ್ಲಿ ಹಿಡಿದು ನೇರ ಒತ್ತಬಹುದು. ಇದೇ ಕಂಪನಿಯ ಫಾರ್ಮರ್ ಎಂಬ ಅಲ್ಯೂಮಿನಿಯಂ ಹಿಡಿಯ ಚಾಕು ತುಂಬ ಗಟ್ಟಿ, ನೋಡಲೂ ಚೆಂದ. ಹೆಸರು ನೋಡಿ ರೈತರು ಅದನ್ನೇ ಕೇಳುತ್ತಾರೆ. ಅದರ ಚುಚ್ಚುಗಕ್ಕೆ ಕಣ್ಣಿಲ್ಲ. ನನಗೆ ಅಷ್ಟು ಸಾಕಾಯಿತು, ಕೈಬಿಟ್ಟೆ.

ಗರಗಸ ಚಿಕ್ಕದು, ಆದರೆ ಚುರುಕು. ಹೆಬ್ಬೆರಳು ದಪ್ಪದ ಸಿಲ್ವರ್ ಓಕ್ ಮರದ ರೆಂಬೆಗೆ ಧಾರಾಳವಾಗಿ ಸಾಕು. ಪಿವಿಸಿ ಪೈಪಿನ ಸಣ್ಣ ತುಂಡನ್ನೂ ಕುಯ್ಯುತ್ತದೆ, ಪುಡಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ ಅಷ್ಟೇ. ಹಾಗಂತ ಇದನ್ನು ಹಿಡಿದುಕೊಂಡು ಕಪಾತಿಗೆ, ಅಂದರೆ ಗಿಡ ಸವರಲು, ಇಳಿಯಬೇಡಿ. ಅದಕ್ಕೆ ಸಿಕೇಟರ್ ಕತ್ತರಿ ಇದೆ, ಕಪಾತಿನ ಗರಗಸ ಇದೆ. ಕಸಿ ಕಟ್ಟಲೂ ಇದು ಬೇಡ. ಕಸಿ ಚಾಕುವಿಗೆ ಒಂದೇ ಕಡೆ ಇಳಿಜಾರು ಇರುತ್ತದೆ, ಹಾಗಿದ್ದರೇ ಕುಯ್ದ ಮುಖ ಚಪ್ಪಟೆಯಾಗಿ ಬಂದು ಎರಡು ತೊಗಟೆ ಸರಿಯಾಗಿ ಕೂರುವುದು.

ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟು ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕುತ್ತೀರಲ್ಲ, ಆಗ ನೀರು ಚಿಮ್ಮುವ ಜೆಟ್ಟಿಗೆ ಎಲೆ, ಮರಳು ಸಿಕ್ಕಿಕೊಳ್ಳುವುದು ಮಾಮೂಲು. ಎಲ್ಲರೂ ಕೈಗೆ ಸಿಕ್ಕ ಮೊಳೆಯಿಂದ ಚುಚ್ಚುತ್ತಾರೆ. ಜೆಟ್ಟು ಹಿತ್ತಾಳೆಯದು, ಉಕ್ಕಿಗಿಂತ ಮೆತ್ತಗೆ. ಹತ್ತು ಸಲ ಚುಚ್ಚಿದರೆ ತೂತು ಸವೆದು ದೊಡ್ಡದಾಗುತ್ತದೆ. ನೀರು ಹೆಚ್ಚು ಹೋಗುತ್ತದೆ, ಪೈಪಿನಲ್ಲಿ ಒತ್ತಡ ಬೀಳುತ್ತದೆ, ಕೊನೆಯ ಜೆಟ್ಟು ಸುಸ್ತಾಗಿ ತಿರುಗುತ್ತದೆ. ಆಮೇಲೆ ಪಂಪು ಸರಿಯಿಲ್ಲ ಅಂತ ನನ್ನ ಹತ್ತಿರ ತರುತ್ತಾರೆ. ಕೆಂಪು ಚಾಕುವಿನ ಹಿಡಿಯಲ್ಲಿ ಒಂದು ಪ್ಲಾಸ್ಟಿಕ್ ಹಲ್ಲುಕಡ್ಡಿ ಇರುತ್ತದೆ. ಎಲ್ಲರೂ ನಗುವ ಆ ಕಡ್ಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹಿತ್ತಾಳೆಗೆ ಗೀರು ಬೀಳುವುದಿಲ್ಲ. ಆಮೇಲೆ ಅದನ್ನು ಹಲ್ಲಿಗೆ ಹಾಕಬೇಡಿ. ಇನ್ನೊಂದು ಬದಿಯಲ್ಲಿರುವ ಚಿಮಟ ಮುಳ್ಳು ತೆಗೆಯಲು ಆಗುತ್ತದೆ. ಇಂಬಳಕ್ಕೆ (ಜಿಗಣೆಗೆ) ಚಿಮಟ ಬೇಡ, ಉಗುರಿನಲ್ಲಿ ಬುಡಕ್ಕೆ ಒತ್ತಿ ಸರಿಸಿದರೆ ಬಿಡುತ್ತದೆ.

ಬಾಟಲಿ ತೆಗೆಯುವ ಟೂಲಿನ ತುದಿ ಅಗಲ ಸ್ಕ್ರೂಡ್ರೈವರ್. ಡಬ್ಬಿ ತೆಗೆಯುವುದರ ಪುಟ್ಟ ತುದಿ ಸಣ್ಣ ಸ್ಟಾರ್ ಸ್ಕ್ರೂಗೂ ಕೂರುತ್ತದೆ. ಇದನ್ನು ಅಂಗಡಿಯವರೂ ಹೇಳುವುದಿಲ್ಲ. ಕಾರ್ಕ್ ತೆಗೆಯುವ ಸುರುಳಿ ನಮ್ಮ ಕಡೆ ಯಾರಿಗೆ ಬೇಕು ಅಂತ ನೀವು ಕೇಳಬಹುದು. ಮಳೆಯಲ್ಲಿ ನೆನೆದು ಬಿಗಿದ ನೈಲಾನ್ ಹಗ್ಗದ ಗಂಟಿಗೆ ತೂರಿಸಿ ಎಳೆಯಿರಿ, ಆಗ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಜೇಬಿನ ಯಾವ ಟೂಲನ್ನೂ ಕರೆಂಟ್ ಇರುವ ತಂತಿಗೆ ಹಚ್ಚಬೇಡಿ. ಕೆಂಪು ಪ್ಲಾಸ್ಟಿಕ್ ಹಿಡಿ ನೋಡಿ ಧೈರ್ಯ ಬರುತ್ತದೆ. ಆದರೆ ಒಳಗಿನ ಲೋಹ ಬೆನ್ನಿನ ಉದ್ದಕ್ಕೂ ಹೊರಗೆ ಕಾಣುತ್ತದೆ, ನಿಮ್ಮ ಬೆರಳು ಅಲ್ಲೇ ಇರುತ್ತದೆ. ಲೆದರ್‌ಮನ್ ಥರದ್ದಂತೂ ಪೂರ್ತಿ ಲೋಹ. ಪಂಪ್‌ಹೌಸಿನಲ್ಲಿ ಫ್ಯೂಸ್ ಹಾಕಲು ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ.

ತುಕ್ಕಿನ ವಿಷಯಕ್ಕೆ ಬರೋಣ. ಸ್ಟೇನ್‌ಲೆಸ್ ಅಂದರೆ ಕಲೆ ಕಡಿಮೆ, ಕಲೆಯೇ ಇಲ್ಲ ಅಂತಲ್ಲ. ಉಕ್ಕಿಗೆ ಕ್ರೋಮಿಯಂ ಸೇರಿಸಿದಾಗ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ, ಅದು ಕಾಯುತ್ತದೆ. ಆ ಪೊರೆ ಕೂಡ ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಒದ್ದೆ ಜೇಬಿನಲ್ಲಿ ಕೂತರೆ ಸೋಲುತ್ತದೆ. ಮೊದಲು ಕೆಂಚು ಬರುವುದು ಅಲಗಿಗಲ್ಲ, ಮಡಿಕೆಯ ಸಂದಿಗೆ ಮತ್ತು ಸ್ಪ್ರಿಂಗಿಗೆ. ಉಪಾಯ ಸುಲಭ. ವಾರಕ್ಕೊಮ್ಮೆ ಎಲ್ಲಾ ಟೂಲ್ ತೆರೆದು ಬಿಸಿನೀರಿನಲ್ಲಿ ಅಲ್ಲಾಡಿಸಿ. ಒರೆಸಿ. ಒಲೆಯ ಹತ್ತಿರ ಅರ್ಧ ದಿನ ತೆರೆದೇ ಇಡಿ, ಒಲೆಯ ಮೇಲಲ್ಲ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಕೊಬ್ಬರಿ ಎಣ್ಣೆ ಕೈಗೆ ಸಿಗುತ್ತದೆ ಅಂತ ಸಂದಿಗೆ ಬಿಡಬೇಡಿ. ಡಿಸೆಂಬರ್ ಚಳಿಯಲ್ಲಿ ಬಾಟಲಿಯಲ್ಲಿ ಹೆಪ್ಪುಗಟ್ಟುವ ಹಾಗೆ ಚಾಕುವಿನೊಳಗೂ ಗಟ್ಟಿಯಾಗುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ಹಲಸಿನ ಮೇಣ ಒರೆಸಲು ಮಾತ್ರ ಅದಕ್ಕಿಂತ ಒಳ್ಳೆಯದಿಲ್ಲ.

ಚರ್ಮದ ಚೀಲ ಕೊಳ್ಳಬೇಡಿ. ಘಟ್ಟದ ಮಳೆಯಲ್ಲಿ ಅದು ನೀರು ಕುಡಿದು ಬೂಷ್ಟು ಹಿಡಿಯುತ್ತದೆ, ಒಳಗಿನ ಉಕ್ಕನ್ನೂ ಹಾಳು ಮಾಡುತ್ತದೆ. ಚೀಲ ಬೇಕೇ ಬೇಕು ಅಂದರೆ ನೈಲಾನಿನದು.

ಹರಿತದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಕೊಡುವ ಕತ್ತಿಗೆ ಧಾರ ಚೆನ್ನಾಗಿ ನಿಲ್ಲುತ್ತದೆ, ರಾತ್ರಿ ಮಳೆಯಲ್ಲಿ ಬಿಟ್ಟರೆ ಬೆಳಗ್ಗೆ ಕೆಂಪಾಗಿರುತ್ತದೆ. ಸ್ವಿಸ್ ಚಾಕುವಿನ ಉಕ್ಕು ಇದಕ್ಕೆ ಉಲ್ಟಾ. ತುಕ್ಕು ತಡೆಯುತ್ತದೆ, ಧಾರ ಸ್ವಲ್ಪ ಬೇಗ ಹೋಗುತ್ತದೆ, ಮತ್ತೆ ಬರಿಸುವುದೂ ಅಷ್ಟೇ ಸುಲಭ. ಕಲ್ಲಿಗೆ 15ರಿಂದ 20 ಡಿಗ್ರಿ ಓರೆಯಲ್ಲಿ ಹಿಡಿದು ಎರಡೂ ಕಡೆ ಸಮವಾಗಿ ಹತ್ತು ಸಲ ಎಳೆದರೆ ಸಾಕು. ಕಲ್ಲಿಲ್ಲವಾ? ಪಿಂಗಾಣಿ ಕಾಫಿ ಲೋಟ ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಕಾಣುತ್ತದೆ, ಅದೇ ಸಾಣೆಕಲ್ಲು. ಸಾಣೆ ಯಂತ್ರದವರಿಗೆ ಮಾತ್ರ ಕೊಡಬೇಡಿ. ಕಿಡಿ ಹಾರಿಸುವ ಚಕ್ರಕ್ಕೆ ಇಂಥ ತೆಳು ಅಲಗು ಕಾದು ಅದರ ಹದವೇ ಹೋಗುತ್ತದೆ.

ಪೊಲೀಸರ ವಿಷಯ. ಆಯುಧಗಳ ನಿಯಮದಲ್ಲಿ ಲೆಕ್ಕಕ್ಕೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆಗೆಲಸ, ಬೇಸಾಯದಂಥ ಕೆಲಸಕ್ಕೆ ಮಾಡಿದ್ದಕ್ಕೆ ಅಲ್ಲೂ ವಿನಾಯಿತಿ ಇದೆ. ನಿಮ್ಮ ಜೇಬಿನದ್ದು ಮೂರು ಇಂಚೂ ಇಲ್ಲ. ಆದರೆ ಅಳತೆ ಒಂದೇ ಎಲ್ಲವೂ ಅಲ್ಲ. ಚುನಾವಣೆ, ಮೆರವಣಿಗೆ, ಗಲಾಟೆಯ ದಿನಗಳಲ್ಲಿ ನಿಷೇಧಾಜ್ಞೆ ಇರುತ್ತದೆ. ಹಿಂದೆ 144 ಅನ್ನುತ್ತಿದ್ದೆವು, 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ ಅದು 163. ಅಂಥ ದಿನ ಚಾಕು ಮನೆಯಲ್ಲಿರಲಿ. ಗುಂಡಿ ಒತ್ತಿದರೆ ಚಿಮ್ಮುವ ಚಾಕು ಯಾವ ದಿನವೂ ಬೇಡ, ಅದನ್ನು ಕಂಡರೆ ಯಾರಿಗೂ ಹಲಸಿನಹಣ್ಣು ನೆನಪಾಗುವುದಿಲ್ಲ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಲಗೇಜಿಗೆ ಹಾಕಿ. ನಾನು ಮರೆತು ಜೇಬಿನಲ್ಲಿಟ್ಟುಕೊಂಡು ಹೋಗಿ, ಹದಿನಾಲ್ಕು ವರ್ಷ ಜೊತೆಗಿದ್ದ ಚಾಕುವನ್ನು ತಪಾಸಣೆಯ ಬುಟ್ಟಿಗೆ ಹಾಕಿ ಬಂದವನು. ಆ ಪ್ರಯಾಣದಲ್ಲಿ ಬೇರೇನೂ ನೆನಪಿಲ್ಲ.

ಕೊಳ್ಳುವಾಗ ಕಣ್ಣಿನಿಂದ ಕೊಳ್ಳಬೇಡಿ, ಕೈಯಿಂದ ಕೊಳ್ಳಿ. ನಕಲಿ ಮಾಲು ಬಹಳ ಇದೆ, ಶಿಲುಬೆಯ ಗುರುತು ಎಲ್ಲದರ ಮೇಲೂ ಇರುತ್ತದೆ. ಅಲಗಿನ ಬುಡದಲ್ಲಿ ಕಂಪನಿ ಹೆಸರು ಕೊರೆದಿದೆಯಾ ನೋಡಿ. ಅಲಗು ತೆರೆದು ಪಕ್ಕಕ್ಕೆ ಅಲ್ಲಾಡಿಸಿ, ಆಡಬಾರದು. ಮುಚ್ಚುವಾಗ ಟಕ್ ಅಂತ ಗಟ್ಟಿ ಸದ್ದು ಬರಬೇಕು. ಕತ್ತರಿಯಿಂದ ತೆಳು ಪ್ಲಾಸ್ಟಿಕ್ ಕವರ್ ಕತ್ತರಿಸಿ, ತುದಿಯವರೆಗೂ ಕಚ್ಚದೆ ಹೋಗಬೇಕು. ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದರೆ ಪದರಗಳ ಮಧ್ಯೆ ಬೆಳಕು ತೂರಬಾರದು.

ಅಪ್ಪನಿಗೆ ಬೇರೆ ಲೆಕ್ಕ. ಈ ಕೆಂಪು ಚಾಕುಗಳನ್ನು ಉಗುರಿನ ಗೀರಿಗೆ ಬೆರಳಿಟ್ಟು ತೆರೆಯಬೇಕು. ಹೊಸದರ ಸ್ಪ್ರಿಂಗ್ ಬಿಗಿ. ವಯಸ್ಸಾದ ಕೈಗೆ, ಮೊಂಡಾದ ಉಗುರಿಗೆ, ಅದೂ ಒದ್ದೆ ಬೆರಳಿಗೆ ಇದು ನಿಜಕ್ಕೂ ಕಷ್ಟ. ಅವರಿಗೆ 111 ಮಿ.ಮೀ. ಅಳತೆಯಲ್ಲಿ, ಅಲಗಿಗೆ ಹೆಬ್ಬೆರಳು ತೂರುವ ತೂತು ಇರುವ ಲಾಕ್ ಚಾಕು ನೋಡಿ. ಕಾಳುಮೆಣಸು ಕೊಯ್ಯುವ ಬಿದಿರಿನ ಏಣಿಯ ಮೇಲೆ ಒಂದು ಕೈ ಬಿದಿರಿಗೆ ಬೇಕಾಗುತ್ತದೆ, ಇನ್ನೊಂದರಲ್ಲೇ ತೆರೆಯಬಹುದು. ಹಿಡಿಯ ತೂತಿಗೆ ಒಂದು ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಆಯುವವರು ಇರುತ್ತಾರಲ್ಲ. ಆದರೆ ಲಾಕ್ ಮುಚ್ಚುವುದನ್ನು ಮೊದಲ ದಿನವೇ ಕೂರಿಸಿಕೊಂಡು ತೋರಿಸಿ. ಅದು ಗೊತ್ತಿಲ್ಲದವರು ಅಲಗನ್ನು ಮೊಣಕಾಲಿಗೆ ಒತ್ತಿ ಮಡಚಲು ನೋಡುತ್ತಾರೆ. ಸಾಧ್ಯವಾದರೆ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಕೈ ಒದ್ದೆ ಮಾಡಿಸಿ, ಮೂರು ಸಲ ತೆಗೆದು ಮುಚ್ಚಲು ಹೇಳಿ. ಮೂರನೇ ಸಲ ಬೈದುಕೊಂಡರೆ ಅದನ್ನು ಕೊಳ್ಳಬೇಡಿ.